ಎಂಟರ ಭಯ, ಹತ್ತರ ಎಚ್ಚರ

ದಕ್ಷಿಣದಿಂದ ಕೋಲ್ಕತ್ತೆಯ ಕಡೆಗೆ ಸಾಗುವ ಕೆಲವು ರೈಲುಗಳು ವಿಶಾಖಪಟ್ಟಣದ ದೊಡ್ಡ ನಿಲ್ದಾಣವನ್ನು ಪ್ರವೇಶಿಸುವುದೇ ಇಲ್ಲ. ಒಳಹೊಕ್ಕರೆ ಎಂಜಿನ್ನನ್ನು ಬಿಚ್ಚಿ ಮತ್ತೊಂದು ತುದಿಗೆ ಜೋಡಿಸಿ ಬಂದ ದಾರಿಯಲ್ಲೇ ಹಿಂದಿರುಗಬೇಕಾಗುವುದರಿಂದ, ಅವು ಊರ ಹೊರಗಿನ ದುವ್ವಾಡದಲ್ಲಿ ನಿಂತು ಪ್ರಯಾಣಿಕರನ್ನು ಇಳಿಸಿ ಮುನ್ನಡೆಯುತ್ತವೆ. ಉಕ್ಕಿನ ಕಾರ್ಖಾನೆ, ಬಂದರು, ನೌಕಾನೆಲೆ, ಬ್ಯಾಂಕು ಎಂದು ಜೀವನೋಪಾಯವನ್ನರಸಿ ಬಂದ ಕನ್ನಡಿಗರಲ್ಲಿ ಕೆಲವರಾದರೂ ಈ ಸೀಮೆಯ ನೆಲವನ್ನು ಮೊದಲು ಮೆಟ್ಟಿದ್ದು ಈ ನಿಲ್ದಾಣದಲ್ಲಿಯೇ. ಪಕ್ಕದ ಕಾರ್ಖಾನೆಯ ವಸತಿಗೆ ಉಕ್ಕುನಗರವೆಂದೇ ಹೆಸರು. ಅದರ ಅರ್ಥವನ್ನು ತಿಳಿಯಲು ಕನ್ನಡಿಗನಿಗೆ ದ್ವಿಭಾಷಿಯ ಅಗತ್ಯವಿಲ್ಲ.

ಹೀಗೆ ಬಂದು ನೆಲಸಿದ ಒಬ್ಬ ಕೃಷ್ಣಮೂರ್ತಿಯವರನ್ನು ವಾಚಕರು ಊಹಿಸಿಕೊಳ್ಳಲಿ. ವಯಸ್ಸು ಐವತ್ತೆರಡು. ಕೆಲಸದಲ್ಲಿ ನಿಷ್ಠೆ, ಊಟದಲ್ಲಿ ಉಪ್ಪಿನಕಾಯಿ, ರಕ್ತದಲ್ಲಿ ಸ್ವಲ್ಪ ಒತ್ತಡ, ಈ ಮೂರೂ ಬಹುಕಾಲದಿಂದ ಇವೆ. ಬರಬೇಕಾಗಿದ್ದ ಬಡ್ತಿ ಬಾರದೆ, ಮಗಳ ಮದುವೆಯ ಮಾತು ಎರಡು ಬಾರಿ ಮುರಿದುಬಿದ್ದು, ಒಂದು ಸಂಜೆ ಎದೆಯಲ್ಲಿ ಏನೋ ಭಾರವಾದಂತಾದಾಗ, ಹಿತೈಷಿಯೊಬ್ಬರು ಅವರನ್ನು ಕರೆದೊಯ್ಯುವುದು ವೈದ್ಯರ ಬಳಿಗಲ್ಲ, ಸಂಖ್ಯಾಶಾಸ್ತ್ರಿಗಳ ಬಳಿಗೆ.

ಈ ಸಂಖ್ಯಾಶಾಸ್ತ್ರವೆಂಬ ಪದವೇ ಕನ್ನಡದಲ್ಲಿ ಒಂದು ತಮಾಷೆಯನ್ನು ಅಡಗಿಸಿಕೊಂಡಿದೆ. ಸಾವಿರಾರು ರೋಗಿಗಳ ಅಂಕಿಅಂಶಗಳನ್ನು ಕಲೆಹಾಕಿ, ಯಾವ ಔಷಧ ಗುಣ ಕೊಟ್ಟಿತು, ಯಾವುದು ಕೊಡಲಿಲ್ಲ ಎಂದು ತೂಗಿ ನೋಡುವ ವಿಶ್ವವಿದ್ಯಾನಿಲಯದ ಶಾಸ್ತ್ರಕ್ಕೂ ಇದೇ ಹೆಸರು. ಹೆಸರಿಗೊಂದು ಅಕ್ಷರವನ್ನು ಅಂಟಿಸಿ ಸಂಭಾವನೆ ಪಡೆಯುವ ಬೀದಿಯ ವಿದ್ಯೆಗೂ ಇದೇ ಹೆಸರು. ಒಂದೇ ಫಲಕದ ಕೆಳಗೆ ಎರಡು ಅಂಗಡಿಗಳು ತೆರೆದಿದ್ದರೆ ಗಿರಾಕಿಯು ಯಾವುದರೊಳಗೆ ಹೋಗುತ್ತಾನೆಂಬುದು ಸ್ವಲ್ಪಮಟ್ಟಿಗೆ ಅವನ ಆಯುಸ್ಸನ್ನೇ ಅವಲಂಬಿಸಿದೆ.

ಶಾಸ್ತ್ರಿಗಳು ಹೆಸರನ್ನು ಬರೆಯಿಸಿಕೊಂಡು ಒಂದೊಂದು ಅಕ್ಷರಕ್ಕೂ ಒಂದರಿಂದ ಎಂಟರವರೆಗೆ ಬೆಲೆ ಕಟ್ಟುತ್ತಾರೆ. ಕೃಷ್ಣಮೂರ್ತಿ ಎಂಬುದರ ಕೊನೆಗೆ ಟಿ, ಎಚ್, ವೈ ಎಂದು ಬರೆದರೆ ಒಟ್ಟು 41. ನಾಲ್ಕೂ ಒಂದೂ ಸೇರಿ 5, ಅಂದರೆ ಬುಧ. ಎಚ್ ಅಕ್ಷರವನ್ನು ಬಿಟ್ಟರೆ 36. ಮೂರೂ ಆರೂ ಸೇರಿ 9, ಅಂದರೆ ಮಂಗಳ. ಎಚ್ ಅನ್ನು ಉಳಿಸಿಕೊಂಡು, 'ಮೂ' ಎಂಬಲ್ಲಿ ಯು ಬದಲಿಗೆ ಎರಡು ಓ ಬರೆದರೆ 49. ಅದರಿಂದ 13, ಅದರಿಂದ 4, ಅಂದರೆ ರಾಹು. ತಕಾರಕ್ಕೆ ಟಿ ಜೊತೆಯಲ್ಲಿ ಎಚ್ ಹಾಕುವುದು ಕನ್ನಡಿಗರ ಮತ್ತು ತಮಿಳರ ರೂಢಿ, ತೆಲುಗರಲ್ಲಿ ಎರಡೂ ಉಂಟು, ಉತ್ತರದವರು ಹಾಕುವುದಿಲ್ಲ. ಆದುದರಿಂದ ಕೃಷ್ಣಮೂರ್ತಿಯವರ ಗ್ರಹಗತಿಯು ಅವರ ಪೂರ್ವಜನ್ಮದ ಕರ್ಮಕ್ಕಿಂತ ಹೆಚ್ಚಾಗಿ ಪಡಿತರ ಚೀಟಿ ಬರೆದ ಗುಮಾಸ್ತನ ಹುಟ್ಟೂರನ್ನು ಅವಲಂಬಿಸಿದೆ ಎನ್ನಬೇಕಾಗುತ್ತದೆ.

ಇಷ್ಟೆಲ್ಲ ನಡೆಯುತ್ತಿರುವುದು ಇಂಗ್ಲಿಷ್ ಅಕ್ಷರಗಳಲ್ಲಿ ಎಂಬುದನ್ನು ಮರೆಯಬಾರದು. ಹೆತ್ತ ತಾಯಿ ಅವರನ್ನು ಕರೆದದ್ದು ಕಿಟ್ಟಿ ಎಂದು. ನಾಮಕರಣದಲ್ಲಿ ಅಕ್ಕಿಯ ಮೇಲೆ ತಂದೆ ಬರೆದದ್ದು ಕನ್ನಡ ಲಿಪಿಯಲ್ಲಿ. ಅದರಲ್ಲಿ ಎಚ್ ಇಲ್ಲ, ವೈ ಇಲ್ಲ, ಓ ಎರಡು ಸಲ ಬರುವ ಪ್ರಸಂಗವೂ ಇಲ್ಲ. ಹಣೆಬರಹ ಬರೆಯುವಾಗ ಬ್ರಹ್ಮನು ಇಂಗ್ಲಿಷ್ ವರ್ಣಮಾಲೆಯನ್ನು ಹಿಡಿದು ಕುಳಿತಿದ್ದನೆಂದು ನಂಬಲು ಯಾವ ಪುರಾಣದ ಆಧಾರವೂ ದೊರೆಯುವುದಿಲ್ಲ.

ಹಾಗಾದರೆ ಈ ಬೆಲೆಪಟ್ಟಿ ಎಲ್ಲಿಂದ ಬಂತು? ಇದನ್ನು ಲೋಕದಲ್ಲಿ ಪ್ರಚಾರಕ್ಕೆ ತಂದವರಲ್ಲಿ ಮುಖ್ಯನಾದವನು ಕೀರೋ ಎಂಬ ಹೆಸರಿನಿಂದ ಪ್ರಸಿದ್ಧನಾದ ಐರಿಷ್ ಗೃಹಸ್ಥ. ಅವನ ನಿಜನಾಮ ವಿಲಿಯಂ ಜಾನ್ ವಾರ್ನರ್. ಕಾಲ 1866ರಿಂದ 1936. ಲಂಡನ್ ಮತ್ತು ಅಮೆರಿಕದ ಶ್ರೀಮಂತರ ಕೈ ನೋಡಿ ಹೆಸರು ಮಾಡಿದ ಆತನ ಸಂಖ್ಯಾಗ್ರಂಥವು 1926ರಲ್ಲಿ ಪ್ರಕಟವಾಯಿತು. ಈ ವಿದ್ಯೆ ಪ್ರಾಚೀನ ಕಾಲ್ದಿಯರದೆಂದು ಆತನ ವಾದ. ಆ ಪ್ರಾಚೀನರು ಹಸಿ ಜೇಡಿಮಣ್ಣಿನ ಮೇಲೆ ಮೊಳೆಯಾಕಾರದ ಗುರುತುಗಳನ್ನೊತ್ತಿ ಬರೆಯುತ್ತಿದ್ದವರು. ಅರವತ್ತರ ಗುಂಪಿನಲ್ಲಿ ಎಣಿಸುತ್ತಿದ್ದವರು. ಗಂಟೆಗೆ ಅರವತ್ತು ನಿಮಿಷಗಳೆಂಬುದು ಅವರು ಬಿಟ್ಟುಹೋದ ಆಸ್ತಿ. ಅವರು ಎಚ್ ಅಕ್ಷರಕ್ಕೆ ಐದು ಎಂದು ಹೇಗೆ ಬೆಲೆ ಕಟ್ಟಿದರೆಂಬುದು ಕೀರೋ ಮಹಾಶಯನಿಗೇ ಗೊತ್ತು. ಪೈಥಾಗೊರಸನ ಹೆಸರಿನಲ್ಲಿ ಪ್ರಚಲಿತವಿರುವ ಇನ್ನೊಂದು ಪಟ್ಟಿಯಲ್ಲಿ ಅಕ್ಷರಗಳ ಬೆಲೆ ಬೇರೆಯೇ. ಎಚ್ ಇಲ್ಲದ ಕೃಷ್ಣಮೂರ್ತಿಯವರು ಒಂದು ಪಟ್ಟಿಯಲ್ಲಿ 9ರ ಮಂಗಳನಾದರೆ ಇನ್ನೊಂದರಲ್ಲಿ 6ರ ಶುಕ್ರ. ಎರಡು ತಕ್ಕಡಿಗಳು ಒಂದೇ ಬೆಲ್ಲಕ್ಕೆ ಎರಡು ತೂಕ ತೋರಿಸಿದರೆ ಗೃಹಿಣಿಯು ಬೆಲ್ಲವನ್ನು ಸಂಶಯಿಸುವುದಿಲ್ಲ, ತಕ್ಕಡಿಯನ್ನು ಸಂಶಯಿಸುತ್ತಾಳೆ.

ಊರುಗಳ ಗತಿಯೂ ಇದೇ. ಕೀರೋ ಪಟ್ಟಿಯಂತೆ ವಿಶಾಖಪಟ್ಟಣವೆಂದರೆ 6. ಆಂಗ್ಲರು ಬರೆಯುತ್ತಿದ್ದ ವಿಜಗಾಪಟಂ ಎಂದರೆ 1. ಜನ ಪ್ರೀತಿಯಿಂದ ಹೇಳುವ ವೈಜಾಗ್ ಎಂದರೆ 9. ಸಮುದ್ರ ಒಂದೇ, ಬಂದರು ಒಂದೇ, ಸೆಕೆಯೂ ಒಂದೇ. ಬೆಂಗಳೂರಿನ ಇಂಗ್ಲಿಷ್ ಬರಹವು 2014ರ ನವೆಂಬರ್ 1ರಂದು ಅಧಿಕೃತವಾಗಿ ಬದಲಾಯಿತು. ಹಳೆಯ ಬರಹದ ಅಂಕಿ 2, ಅಂದರೆ ಚಂದ್ರ. ಹೊಸತರ ಅಂಕಿ 6, ಭೋಗಭಾಗ್ಯಗಳಿಗೆ ಒಡೆಯನಾದ ಶುಕ್ರ. ರಜೆಯಲ್ಲಿ ಊರಿಗೆ ಹೋಗಿ ರೇಷ್ಮೆ ಮಂಡಳಿಯ ವೃತ್ತದಲ್ಲಿ ಸಿಕ್ಕಿಕೊಂಡವರು ಶುಕ್ರದೆಸೆಯ ಸುಖವನ್ನು ತಾವೇ ಬಲ್ಲರು.

ಅಕ್ಷರಕ್ಕೆ ಅಂಕಿ ಕಟ್ಟುವ ಪದ್ಧತಿ ಈ ದೇಶಕ್ಕೆ ಹೊಸತೇನೂ ಅಲ್ಲ. ಕಟಪಯಾದಿ ಎಂಬ ಕ್ರಮದಲ್ಲಿ ಕ, ಟ, ಪ, ಯ ಇವು ನಾಲ್ಕಕ್ಕೂ ಬೆಲೆ ಒಂದು. ಮುಂದಿನ ಅಕ್ಷರಗಳಿಗೆ ಅನುಕ್ರಮವಾಗಿ ಎರಡು, ಮೂರು. ಖಗೋಳದ ಲೆಕ್ಕಗಳನ್ನು ಶ್ಲೋಕದಲ್ಲಿ ಅಡಗಿಸಿ ಬಾಯಿಪಾಠ ಮಾಡಲು ಹಿಂದಿನವರು ಇದನ್ನು ಬಳಸಿದರು. ಸಂಗೀತ ಕಲಿತವರಿಗೆ ಇದರ ಪರಿಚಯ ಉಂಟು: ಮೇಚಕಲ್ಯಾಣಿಯ 'ಮೇ' ಐದು, 'ಚ' ಆರು, ತಿರುಗಿಸಿ ಓದಿದರೆ 65, ಅದೇ ಆ ಮೇಳಕರ್ತದ ಸಂಖ್ಯೆ. ಧೀರಶಂಕರಾಭರಣದ 'ಧೀ' ಒಂಬತ್ತು, 'ರ' ಎರಡು, ತಿರುಗಿಸಿದರೆ 29. ಇಲ್ಲಿ ಅಂಕಿಯನ್ನು ನೆನಪಿಡಲು ಹೆಸರನ್ನು ಹೊಂದಿಸಿದರೇ ಹೊರತು, ಹೆಸರಿನಿಂದ ರಾಗದ ಮದುವೆ ಮುಂಜಿಗಳನ್ನು ನಿರ್ಣಯಿಸಲಿಲ್ಲ.

ಅಂಕಿಗಳನ್ನು ಕೂಡಿ ಕೂಡಿ ಒಂದೇ ಅಂಕಿಗೆ ಇಳಿಸುವುದರಲ್ಲಿಯೂ ರಹಸ್ಯವೇನಿಲ್ಲ. ಆ ಸಂಖ್ಯೆಯನ್ನು ಒಂಬತ್ತರಿಂದ ಭಾಗಿಸಿದಾಗ ಉಳಿಯುವ ಶೇಷವೇ ಅದು, ಶೇಷವಿಲ್ಲದಿದ್ದರೆ ಒಂಬತ್ತು. ಹಿಂದೆ ಲೆಕ್ಕ ಬರೆಯುವವರು ಗುಣಾಕಾರವನ್ನು ತಾಳೆ ನೋಡಲು ಇದೇ ಉಪಾಯವನ್ನು ಬಳಸುತ್ತಿದ್ದರು. ಮನುಷ್ಯನಿಗೆ ಹತ್ತು ಬೆರಳುಗಳಿರುವುದರಿಂದ ಹತ್ತರ ಗುಂಪಿನಲ್ಲಿ ಎಣಿಸುವುದು ರೂಢಿಯಾಯಿತು. ಎಂಟು ಬೆರಳುಗಳಿದ್ದಿದ್ದರೆ ಎಲ್ಲರ ಅದೃಷ್ಟಸಂಖ್ಯೆಗಳೂ ಬೇರೆಯಾಗುತ್ತಿದ್ದವು.

ಆದರೂ ಸಂಖ್ಯೆಗೆ ಕೇಡನ್ನು ಮುನ್ಸೂಚಿಸುವ ಶಕ್ತಿಯಿದ್ದರೆ ಅದು ಈ ಕರಾವಳಿಯಲ್ಲಿ ಕಾಣಲೇಬೇಕು. ಏಕೆಂದರೆ ಬಂಗಾಳ ಕೊಲ್ಲಿಯ ಈ ಅಂಚು ನಿಜವಾದ ಕೇಡುಗಳನ್ನು ಸಾಕಷ್ಟು ಕಂಡಿದೆ. 1977ರ ನವೆಂಬರ್ 19ರಂದು ವಿಜಯವಾಡದ ಕೆಳಗಿನ ದಿವಿಸೀಮೆಯ ಮೇಲೆ ಚಂಡಮಾರುತ ಬಡಿದು ಹತ್ತು ಸಾವಿರಕ್ಕೂ ಮೀರಿದ ಜನ ಸಮುದ್ರದ ಪಾಲಾದರು. 1997ರ ಸೆಪ್ಟೆಂಬರ್ 14ರಂದು ವಿಶಾಖಪಟ್ಟಣದ ತೈಲ ಶುದ್ಧೀಕರಣಾಗಾರ ಹೊತ್ತಿ ಉರಿಯಿತು. 2012ರ ಜೂನ್ 13ರಂದು ಉಕ್ಕಿನ ಕಾರ್ಖಾನೆಯಲ್ಲಿ ಸ್ಫೋಟವಾಗಿ ಹತ್ತೊಂಬತ್ತು ಮಂದಿ ತೀರಿಕೊಂಡರು. ಉಕ್ಕುನಗರದ ಮನೆಗಳಲ್ಲಿ ಆ ದಿನವನ್ನು ಮರೆತವರಿಲ್ಲ. 2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತ ನಗರದ ಮೇಲೆಯೇ ಹಾಯ್ದಿತು. 2020ರ ಮೇ 7ರ ನಸುಕಿನಲ್ಲಿ ಆರ್. ಆರ್. ವೆಂಕಟಾಪುರದ ನಿದ್ರಿಸುತ್ತಿದ್ದ ಮನೆಗಳೊಳಗೆ ವಿಷಾನಿಲ ನುಗ್ಗಿತು. ಈ ಐದು ದಿನಾಂಕಗಳನ್ನು ಶಾಸ್ತ್ರಿಗಳ ಕ್ರಮದಲ್ಲೇ ಕೂಡಿದರೆ ದೊರೆಯುವುದು 9, 4, 6, 2 ಮತ್ತು 7. ಐದು ಕೇಡುಗಳಿಗೆ ಐದು ಬೇರೆ ಬೇರೆ ಅಂಕಿಗಳು. ಎಲ್ಲರೂ ಹೆದರುವ ಎಂಟು ಒಂದು ಸಲವೂ ಇಲ್ಲ. ಎಲ್ಲರೂ ಬಯಸುವ ಶುಕ್ರನ ಆರು ಒಂದು ಸಲ ಇದೆ.

2024ರ ವಿಜಯವಾಡದ ನೆರೆಯನ್ನೂ ಸೇರಿಸಿದರೆ ವಿನೋದ ಇನ್ನೂ ಹೆಚ್ಚುತ್ತದೆ. ಮಳೆ ಸುರಿದದ್ದು ಆಗಸ್ಟ್ 31ರಂದು, ನೀರು ಮನೆಗಳಿಗೆ ನುಗ್ಗಿದ್ದು ಸೆಪ್ಟೆಂಬರ್ 1ರಂದು. ಮಳೆಯ ದಿನವನ್ನು ಹಿಡಿದರೆ ಅಂಕಿ 2. ಹುದ್‌ಹುದ್‌ನ ಅಂಕಿಯೂ 2, ಆಹಾ ಚಂದ್ರ, ಜಲಕಾರಕ! ನೆರೆಯ ದಿನವನ್ನು ಹಿಡಿದರೆ ಅಂಕಿ 9. ದಿವಿಸೀಮೆಯ ಅಂಕಿಯೂ 9, ಆಹಾ ಮಂಗಳ, ವಿನಾಶಕಾರಕ! ಹೇಗೆ ಹಿಡಿದರೂ ಶಾಸ್ತ್ರ ಗೆಲ್ಲುತ್ತದೆ. ಸರ್ಕಾರದ ರಾಷ್ಟ್ರೀಯ ಶಕ ಪಂಚಾಂಗವನ್ನು ಹಿಡಿದರೋ, ಹುದ್‌ಹುದ್ ಬಂದದ್ದು 1936ನೆಯ ಶಕವರ್ಷದ ಆಶ್ವಿನ 20ರಂದು. ಆಗ ಅದರ ಅಂಕಿ 2 ಅಲ್ಲ, 1. ಬಿರುಗಾಳಿಯು ಯಾವ ಪಂಚಾಂಗವನ್ನು ನೋಡಿಕೊಂಡು ಹೊರಟಿತ್ತೆಂದು ಮೊದಲು ವಿಚಾರಿಸಬೇಕು.

ಇಲ್ಲಿ ಶಾಸ್ತ್ರಿಗಳು ಒಂದು ಮರುಮಾತು ಹೇಳುವುದುಂಟು. ಅದನ್ನು ಕೇಳದಿರುವುದು ನ್ಯಾಯವಲ್ಲ. 2001ರ ಗುಜರಾತಿನ ಭೂಕಂಪ ಜನವರಿ 26ರಂದು. 2004ರ ಸುನಾಮಿ ಡಿಸೆಂಬರ್ 26ರಂದು. 2008ರ ಮುಂಬಯಿ ದಾಳಿ ನವೆಂಬರ್ 26ರಂದು. ಎರಡೂ ಆರೂ ಸೇರಿ ಎಂಟು, ಶನಿಯ ಅಂಕಿ. ಕೇಳಿದೊಡನೆ ಮೈ ಜುಮ್ಮೆನ್ನುತ್ತದೆ. ಆದರೆ 8, 17, 26 ಎಂಬ ತಾರೀಖುಗಳು ವರ್ಷದಲ್ಲಿ ಮೂವತ್ತಾರು ಸಲ ಬರುತ್ತವೆ, ಎಂದರೆ ಹತ್ತು ದಿನಕ್ಕೊಂದು. ಲೋಕದ ದುರಂತಗಳಲ್ಲಿ ಹತ್ತರಲ್ಲೊಂದು ಈ ದಿನಗಳ ಮೇಲೆ ಬೀಳದಿದ್ದರೇ ಆಶ್ಚರ್ಯ. ಸಂವಿಧಾನವನ್ನು ಅಂಗೀಕರಿಸಿದ್ದು 1949ರ ನವೆಂಬರ್ 26ರಂದು, ಅದು ಜಾರಿಗೆ ಬಂದದ್ದು 1950ರ ಜನವರಿ 26ರಂದು. ಆ ಎರಡು ಶನಿಗಳ ಮಾತನ್ನು ಯಾರೂ ಎತ್ತುವುದಿಲ್ಲ. ಇದಲ್ಲದೆ ಪ್ರತಿಯೊಬ್ಬನಿಗೂ ಶಾಸ್ತ್ರಿಗಳು ಕೊಡುವುದು ಒಂದು ಅಂಕಿಯನ್ನಲ್ಲ: ಹುಟ್ಟಿದ ತಾರೀಖಿನದೊಂದು, ಪೂರ್ಣ ದಿನಾಂಕದ್ದೊಂದು, ಹೆಸರಿನದೊಂದು. ಒಂಬತ್ತು ಅಂಕಿಗಳ ಜಗತ್ತಿನಲ್ಲಿ ಮೂರು ಬಲೆ ಬೀಸಿ ಕುಳಿತರೆ, ಯಾವುದೇ ದಿನ ಒಂದಾದರೂ ಹೊಂದಿಕೊಳ್ಳುವ ಸಂಭವ ನೂರಕ್ಕೆ ಸುಮಾರು ಮೂವತ್ತು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತೆಂಬ ಗಾದೆಯ ಗಣಿತ ಇಷ್ಟೇ.

ವ್ಯಕ್ತಿಯ ಕೇಡನ್ನು ಹೇಳುವ ವಿದ್ಯೆಯೇ ದೊಡ್ಡದಾಗಿ ಬೆಳೆದಾಗ ಜಗತ್ತಿನ ಕೇಡನ್ನು ಹೇಳಲು ಹೊರಡುತ್ತದೆ. 1962ರ ಫೆಬ್ರವರಿ 3ರಿಂದ 5ರವರೆಗೆ ಅಷ್ಟಗ್ರಹಕೂಟ. ಸೂರ್ಯ, ಚಂದ್ರ, ಐದು ಗ್ರಹಗಳು, ಕೇತು ಎಲ್ಲವೂ ಮಕರರಾಶಿಯಲ್ಲಿ ಕೂಡಿದವು. ದೇಶದುದ್ದಕ್ಕೂ ಹೋಮಗಳ ಹೊಗೆ ಎದ್ದಿತು. ವಿಶಾಖಪಟ್ಟಣದ ಕಡಲ ದಂಡೆಯಲ್ಲಿ ನಿಂತವರಿಗೆ ಆಕಾಶಕಾಯದ ಸೆಳೆತವೆಂದರೇನೆಂದು ವಿವರಿಸಬೇಕಾಗಿಲ್ಲ; ಉಬ್ಬರವಿಳಿತಗಳು ದಿನವೂ ತೋರಿಸುತ್ತವೆ. ಚಂದ್ರನು ಸಮುದ್ರವನ್ನು ಒಂದು ಗಜದಷ್ಟು ಎತ್ತಿದರೆ, ಗ್ರಹಗಳೆಲ್ಲ ಒಟ್ಟುಗೂಡಿ ಎತ್ತಬಲ್ಲದ್ದು ಒಂದು ಕೂದಲೆಳೆಯ ದಪ್ಪವನ್ನೂ ಮೀರದು. ಪ್ರಳಯ ಬರಲಿಲ್ಲ. ಅದೇ ತಿಂಗಳ 19ರಿಂದ ಮಹಾಚುನಾವಣೆ ನಡೆಯಿತು. ಲೋಕ ಮುಳುಗುವುದೆಂದು ನಂಬಿ ನಾಮಪತ್ರವನ್ನು ಹಿಂದಕ್ಕೆ ಪಡೆದ ಅಭ್ಯರ್ಥಿಯ ಹೆಸರು ಇತಿಹಾಸದಲ್ಲಿ ಕಾಣುವುದಿಲ್ಲ. ಬೆಂಗಳೂರಿನ ನ್ಯಾಷನಲ್ ಕಾಲೇಜಿನಲ್ಲಿ ಎಚ್. ನರಸಿಂಹಯ್ಯನವರು ಬೆಂಗಳೂರು ಸೈನ್ಸ್ ಫೋರಂ ಆರಂಭಿಸಿದ್ದೂ ಅದೇ 1962ರಲ್ಲಿ. ಆ ವರ್ಷ ನಿಜವಾಗಿ ಸಂಭವಿಸಿದ ಕೂಟಗಳಲ್ಲಿ ಇದು ಬಹುಕಾಲ ಬಾಳಿತು.

ಆಂಧ್ರದ ಹಳ್ಳಿಗಳಲ್ಲಿ ಅಷ್ಟಗ್ರಹಕ್ಕಿಂತಲೂ ಗಾಢವಾಗಿ ಉಳಿದಿರುವ ನೆನಪು ಸ್ಕೈಲ್ಯಾಬಿನದು. 1973ರ ಮೇ 14ರಂದು ಅಮೆರಿಕದವರು ಹಾರಿಸಿದ್ದ, ಸುಮಾರು 77 ಟನ್ ತೂಕದ ಆ ಅಂತರಿಕ್ಷ ನಿಲ್ದಾಣವು 1979ರ ಜುಲೈ ತಿಂಗಳಲ್ಲಿ ಕಳಚಿ ಬೀಳುವುದೆಂದು ತಿಳಿದಾಗ, ಎಲ್ಲಿ ಬೀಳುವುದೆಂದು ಖಚಿತವಾಗಿ ಹೇಳಬಲ್ಲವರಿರಲಿಲ್ಲ. ಭೂಮಿಯ ಮೇಲಿನ ಯಾರಾದರೊಬ್ಬರಿಗೆ ಅದರ ಚೂರು ತಗಲುವ ಸಂಭವ 152ರಲ್ಲಿ ಒಂದು ಎಂದು ವಿಜ್ಞಾನಿಗಳು ಲೆಕ್ಕ ಹಾಕಿದರು. ಈ 'ಯಾರಾದರೊಬ್ಬರು' ಎಂಬ ಮಾತು ಬಾಯಿಂದ ಬಾಯಿಗೆ ಹರಡುವಾಗ 'ನಮ್ಮ ಊರು' ಎಂದಾಯಿತು. ನಿರ್ದಿಷ್ಟವಾದ ಒಬ್ಬ ವ್ಯಕ್ತಿಗೆ ತಗಲುವ ಸಂಭವ 60,000 ಕೋಟಿಯಲ್ಲಿ ಒಂದು. ಆದರೆ ಸಾಯುವ ಮುನ್ನ ತಿಂದಾದರೂ ಸಾಯೋಣವೆಂದು ಹಟ್ಟಿಯ ಆಡು ಕೋಳಿಗಳನ್ನು ಕೊಯ್ದು ಮುಗಿಸಿದವರ ಕಥೆಗಳನ್ನು ತೆಲುಗು ನಾಡಿನ ಹಿರಿಯರು ಇಂದಿಗೂ ಹೇಳುತ್ತಾರೆ. ಜುಲೈ 11ರಂದು ಅದು ಹಿಂದೂ ಮಹಾಸಾಗರದ ಮೇಲೂ ಆಸ್ಟ್ರೇಲಿಯದ ಪಶ್ಚಿಮದ ಎಸ್ಪರೆನ್ಸ್ ಎಂಬ ಊರಿನ ಸುತ್ತಲೂ ಚೂರುಚೂರಾಗಿ ಉದುರಿತು. ಯಾರಿಗೂ ಗಾಯವಾಗಲಿಲ್ಲ, ಕಸ ಚೆಲ್ಲಿದ ತಪ್ಪಿಗೆ ಎಸ್ಪರೆನ್ಸಿನ ಸ್ಥಳೀಯ ಸಂಸ್ಥೆ ನಾಸಾಕ್ಕೆ 400 ಡಾಲರ್ ದಂಡ ವಿಧಿಸಿತು. ಈ ಕಡೆ ಹಟ್ಟಿ ಬರಿದಾದುದಕ್ಕೆ ದಂಡ ತೆತ್ತವರಿಲ್ಲ. ಆ ಗಾಬರಿಯ ದಿನಗಳಲ್ಲಿ ಹುಟ್ಟಿ ಸ್ಕೈಲ್ಯಾಬ್ ಎಂದೇ ಹೆಸರಿಡಿಸಿಕೊಂಡವರು ಇದ್ದಾರೆ. ಆ ಹೆಸರಿನ ಅಂಕಿಯನ್ನು ಶಾಸ್ತ್ರಿಗಳು ಹೇಗೆ ವ್ಯಾಖ್ಯಾನಿಸುವರೋ ತಿಳಿಯದು.

ಆ ಮೇಲಿನ ಪ್ರಳಯಗಳನ್ನು ವಿಸ್ತರಿಸುವುದು ಅನಗತ್ಯ. 1982ರ ಮಾರ್ಚ್ 10ರಂದು ಗ್ರಹಗಳು ಒಂದೇ ಕಡೆ ನೆರೆದು ಭೂಕಂಪ ತರುವುದೆಂದರು, ಬರಲಿಲ್ಲ. 2012ರ ಡಿಸೆಂಬರ್ 21ರಂದು ಮಾಯಾ ಜನರ ಕಾಲಗಣನೆಯ ಒಂದು ಸುತ್ತು ಮುಗಿಯಿತು; ಗೋಡೆಯ ಕ್ಯಾಲೆಂಡರಿನ ಕೊನೆಯ ಹಾಳೆ ಹರಿದ ದಿನ ಮನೆ ಕುಸಿಯುವುದಾದರೆ ಪ್ರತಿ ಡಿಸೆಂಬರಿನಲ್ಲೂ ಬೀದಿಪಾಲಾಗಬೇಕಾಗಿತ್ತು.

ವಿಜಯವಾಡದ ಒಂದು ನುಡಿ ಮಾತ್ರ ಇಲ್ಲಿ ಉಲ್ಲೇಖಾರ್ಹ. ಕಡಪ ಸೀಮೆಯ ಪೋತುಲೂರಿ ವೀರಬ್ರಹ್ಮೇಂದ್ರಸ್ವಾಮಿಗಳ ಕಾಲಜ್ಞಾನವು ತೆಲುಗರಿಗೆ, ಕೈವಾರದ ತಾತಯ್ಯನವರ ಕಾಲಜ್ಞಾನವು ಕೋಲಾರ-ಚಿಂತಾಮಣಿಯ ಕಡೆಯ ಕನ್ನಡಿಗರಿಗೆ, ಪೂಜ್ಯವಾದವು. ನೀತಿಗೆಟ್ಟ ಕಾಲವನ್ನು ಕಂಡು ಮರುಗಿದ ಸಂತರ ಮಾತುಗಳವು. ಅವುಗಳಲ್ಲಿ ತಾರೀಖು ಹುಡುಕುವುದು ಹಿಂದಿನಿಂದ ಬಂದವರ ಚಪಲ. ಕೃಷ್ಣಾನದಿಯ ನೀರು ಇಂದ್ರಕೀಲಾದ್ರಿಯ ಕನಕದುರ್ಗೆಯ ಮೂಗುತಿಯನ್ನು ಮುಟ್ಟಿದಾಗ ಯುಗಾಂತ್ಯವೆಂಬ ಮಾತು ಬ್ರಹ್ಮೇಂದ್ರರ ಹೆಸರಿನಲ್ಲಿ ಜನಜನಿತವಾಗಿದೆ. 2024ರ ಸೆಪ್ಟೆಂಬರ್ ಆರಂಭದಲ್ಲಿ ಪ್ರಕಾಶಂ ಅಣೆಕಟ್ಟಿನಲ್ಲಿ ಸೆಕೆಂಡಿಗೆ ಹನ್ನೊಂದು ಲಕ್ಷ ಘನ ಅಡಿಗೂ ಮೀರಿದ ನೀರು ಹರಿಯಿತು. ಮೂಗುತಿ ಎಂದಿನಂತೆ ಬೆಟ್ಟದ ಮೇಲೆ ಒಣಗಿಯೇ ಇತ್ತು. ಊರೊಳಗಿನ ಸಿಂಗ್ ನಗರದ ಮನೆಗಳನ್ನು ಮುಳುಗಿಸಿದ್ದು ಕೃಷ್ಣೆಯಲ್ಲ, ಏರಿ ಒಡೆದ ಬುಡಮೇರು ಎಂಬ ಚಿಕ್ಕ ಹಳ್ಳ. ಕೃಷ್ಣೆಯನ್ನೇ ಎಲ್ಲರೂ ನೋಡುತ್ತಿದ್ದಾಗ ಕೇಡು ಬಂದದ್ದು ಹಿತ್ತಲ ಕಡೆಯಿಂದ.

ದೇಹದ ವಿಷಯದಲ್ಲೂ ಆಗುವುದು ಇದೇ. ಆರೋಗ್ಯದ ಪುಟಗಳಲ್ಲಿ ಈ ಮಾತನ್ನು ಎತ್ತಲು ಕಾರಣವೂ ಇದೇ. ಸಂಖ್ಯೆಯ ಮೇಲಿನ ನಂಬಿಕೆ ತಾನಾಗಿ ಯಾರನ್ನೂ ಕೊಲ್ಲುವುದಿಲ್ಲ. ಅದು ವಿಳಂಬ ಮಾಡಿಸುತ್ತದೆ, ಅಷ್ಟೆ.

ಕ್ಯಾಲೆಂಡರಿನ ಪ್ರಕಾರ ಸೋಮವಾರದ ರಾಹುಕಾಲ ಬೆಳಗ್ಗೆ ಏಳೂವರೆಯಿಂದ ಒಂಬತ್ತರವರೆಗೆ. ಹಗಲನ್ನು ಎಂಟು ಪಾಲು ಮಾಡಿದರೆ ಒಂದು ಪಾಲು ತೊಂಬತ್ತು ನಿಮಿಷ. ಅತ್ತ ವೈದ್ಯಶಾಸ್ತ್ರದ ಅನುಭವವೇನೆಂದರೆ, ಹೃದಯಾಘಾತಗಳು ಬೆಳಗಿನ ಆರರಿಂದ ಮಧ್ಯಾಹ್ನದೊಳಗೆ ಹೆಚ್ಚು. ವಾರದ ದಿನಗಳಲ್ಲಿ ಸೋಮವಾರ ತುಸು ಹೆಚ್ಚು. ರಕ್ತನಾಳದಲ್ಲಿ ಹೆಪ್ಪುಗಟ್ಟಿದ ತಡೆಯನ್ನು ಬಲೂನಿನಿಂದ ಬಿಡಿಸಬೇಕಾದರೆ, ರೋಗಿ ಆಸ್ಪತ್ರೆಯ ಬಾಗಿಲು ಹೊಕ್ಕ ತೊಂಬತ್ತು ನಿಮಿಷಗಳೊಳಗೆ ಅದು ಮುಗಿಯಬೇಕೆಂದು ಹೃದ್ರೋಗತಜ್ಞರ ನಿಯಮ. ಎರಡು ತೊಂಬತ್ತುಗಳು! ರಾಹುಕಾಲ ಕಳೆಯಲೆಂದು ಎದೆ ಹಿಡಿದುಕೊಂಡು ಮನೆಯಲ್ಲಿ ಕುಳಿತವನು, ಹೃದಯದ ಮಾಂಸ ಉಳಿಯಬಹುದಾಗಿದ್ದ ಹೊತ್ತನ್ನೇ ಅಳೆದು ರಾಹುವಿಗೆ ಒಪ್ಪಿಸಿದಂತಾಗುತ್ತದೆ. ಇದರ ಮೇಲೆ, ಬೆಂಗಳೂರಿನಿಂದ ತಂದ ಕ್ಯಾಲೆಂಡರನ್ನು ದುವ್ವಾಡದ ಗೋಡೆಗೆ ತೂಗುಹಾಕಿದ್ದರೆ ಆ ರಾಹುಕಾಲವೂ ಸರಿಯಲ್ಲ; ವಿಶಾಖಪಟ್ಟಣದಲ್ಲಿ ಸೂರ್ಯೋದಯ ಬೆಂಗಳೂರಿಗಿಂತ ಸರಾಸರಿ ಇಪ್ಪತ್ತು ನಿಮಿಷ ಮೊದಲು. ಪಾರ್ಶ್ವವಾಯುವಿನಲ್ಲೂ ಗಡಿಯಾರವೇ ಪ್ರಧಾನ. ಮಾತು ತೊದಲಿ, ಮುಖ ಒಂದು ಕಡೆ ವಾಲಿ, ಕೈ ಸೋತ ಕ್ಷಣದಿಂದ ನಾಲ್ಕೂವರೆ ಗಂಟೆಯೊಳಗೆ ಮಾತ್ರ ಹೆಪ್ಪು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ಕೊಡಬಹುದು.

ಹೆರಿಗೆಯಲ್ಲಿ ವಿಳಂಬದ ಬದಲು ಅವಸರ. 11-11-11, 12-12-12 ಎಂಬಂಥ ದಿನಗಳು ಬಂದಾಗ ಅಂದೇ ಕೂಸು ಹುಟ್ಟಲೆಂದು ಶಸ್ತ್ರಚಿಕಿತ್ಸೆ ಕೇಳಿದವರ ಸುದ್ದಿಗಳು ಪತ್ರಿಕೆಗಳಲ್ಲಿ ಬಂದವು. ವೈದ್ಯಕೀಯ ಕಾರಣವಿಲ್ಲದೆ 39 ವಾರ ತುಂಬುವ ಮೊದಲು ಹೊಟ್ಟೆ ಕೊಯ್ದು ತೆಗೆದ ಕೂಸಿಗೆ ಉಸಿರಾಟದ ತೊಂದರೆಯ ಸಂಭವ ಹೆಚ್ಚು. ಶ್ವಾಸಕೋಶದ ಪಕ್ವತೆಗೆ ಕೊನೆಯ ವಾರಗಳು ಬೇಕು. ಅದೃಷ್ಟದ ಘಳಿಗೆಯಲ್ಲಿ ಹುಟ್ಟಿದ ಮಗು ಮೊದಲ ವಾರವನ್ನು ಗಾಜಿನ ಪೆಟ್ಟಿಗೆಯಲ್ಲಿ ಕಳೆಯಬೇಕಾಗಬಹುದು. ಇನ್ನು ಹೆಸರಿಗೆ ಅಕ್ಷರ ಸೇರಿಸಿದವರ ಪಾಡು: ಆಸ್ಪತ್ರೆಯ ದಾಖಲೆಯಲ್ಲಿ ಒಂದು ಹೆಸರು, ಗುರುತಿನ ಚೀಟಿಯಲ್ಲಿ ಇನ್ನೊಂದು, ವಿಮೆಯ ಕಾಗದದಲ್ಲಿ ಮತ್ತೊಂದು. ಅಕ್ಷರ ಸೇರಿಸಿ ಕೊಟ್ಟವರು ವಿಮೆಯ ಕಚೇರಿಗೆ ಬಂದು ಸಾಕ್ಷಿ ಹೇಳುವುದಿಲ್ಲ.

ಭಯವೇ ರೋಗವಾಗಬಲ್ಲದೇ ಎಂಬ ಪ್ರಶ್ನೆಯನ್ನು ಸಂಶೋಧಕರು ಕೇಳಿದ್ದುಂಟು. ಚೀನೀ ಮತ್ತು ಜಪಾನೀ ನುಡಿಗಳಲ್ಲಿ 'ನಾಲ್ಕು' ಎಂಬುದು 'ಸಾವು' ಎಂಬಂತೆಯೇ ಕೇಳಿಸುತ್ತದೆ. ಅಮೆರಿಕದಲ್ಲಿ ನೆಲಸಿದ ಈ ಜನರಲ್ಲಿ ತಿಂಗಳ ನಾಲ್ಕನೆಯ ತಾರೀಖು ಹೃದ್ರೋಗದ ಸಾವುಗಳು ಹೆಚ್ಚೆಂದೂ ಬಿಳಿಯರಲ್ಲಿ ಹಾಗಿಲ್ಲವೆಂದೂ 2001ರಲ್ಲಿ ಬ್ರಿಟನ್ನಿನ ವೈದ್ಯಪತ್ರಿಕೆಯೊಂದರಲ್ಲಿ ಪ್ರಬಂಧ ಬಂತು. ಆ ಮೇಲೆ ಬೇರೆಯವರು ಪರೀಕ್ಷಿಸಿದಾಗ ಅದು ದೃಢಪಡಲಿಲ್ಲ. ವಿಜ್ಞಾನಕ್ಕೂ ಬೀದಿಯ ವಿದ್ಯೆಗೂ ಇರುವ ವ್ಯತ್ಯಾಸ ಇಲ್ಲಿ ಕಾಣುತ್ತದೆ: ಒಂದರಲ್ಲಿ ಒಬ್ಬನ ಮಾತನ್ನು ಮತ್ತೊಬ್ಬ ಅಳೆದು ತಳ್ಳಿಹಾಕಬಹುದು. ಜ್ಯೋತಿಷಿಗಳನ್ನೂ ಹೀಗೆ ಅಳೆದವರು ಖಗೋಳ ವಿಜ್ಞಾನಿ ಜಯಂತ ನಾರ್ಳೀಕರ್ ಮತ್ತು ಸಂಗಡಿಗರು. 2008ರಲ್ಲಿ ಮಹಾರಾಷ್ಟ್ರದಲ್ಲಿ ನಡೆದ ಆ ಪರೀಕ್ಷೆಯಲ್ಲಿ 27 ಮಂದಿ ಜ್ಯೋತಿಷಿಗಳು ತಲಾ 40 ಜಾತಕಗಳನ್ನು ನೋಡಿ ಪ್ರತಿಭಾವಂತ ಮಕ್ಕಳವು ಯಾವುವು, ಬುದ್ಧಿ ಬೆಳೆಯದ ಮಕ್ಕಳವು ಯಾವುವು ಎಂದು ಬೇರ್ಪಡಿಸಬೇಕಿತ್ತು. ಸರಿಯಾದದ್ದು ನೂರಕ್ಕೆ 46. ನಾಣ್ಯ ಚಿಮ್ಮಿದ್ದರೆ ಐವತ್ತರ ಆಸುಪಾಸು ಬರುತ್ತಿತ್ತು, ದಕ್ಷಿಣೆಯೂ ಉಳಿಯುತ್ತಿತ್ತು.

ಹಾಗೆಂದು ಸಂಖ್ಯೆಗಳಿಗೆ ಮುಂದಾಗುವುದನ್ನು ಹೇಳುವ ಶಕ್ತಿಯೇ ಇಲ್ಲವೆನ್ನುವಂತಿಲ್ಲ. ವಿಶಾಖಪಟ್ಟಣದ ಬಂದರಿನಲ್ಲಿ ಬಿರುಗಾಳಿ ಸಮೀಪಿಸಿದಂತೆ ಏರಿಸುವ ಸಂಕೇತಗಳಿಗೆ ಸಂಖ್ಯೆಗಳಿವೆ. 8, 9, 10 ಇವು ಮಹಾಪಾಯದವು. ಹತ್ತನೆಯದು ಏರಿತೆಂದರೆ ಚಂಡಮಾರುತ ಬಂದರಿನ ಮೇಲೆಯೋ ಅತಿ ಸಮೀಪದಲ್ಲಿಯೋ ಹಾಯುವುದೆಂದರ್ಥ. ಅದನ್ನು ಯಾರ ಹೆಸರಿನ ಅಕ್ಷರಗಳಿಂದಲೂ ತೆಗೆದದ್ದಲ್ಲ; ಗಾಳಿಯ ವೇಗ, ವಾಯುಭಾರ, ಉಪಗ್ರಹದ ಚಿತ್ರ, ರೇಡಾರುಗಳಿಂದ ಅಳೆದದ್ದು. ದಿವಿಸೀಮೆಯಲ್ಲಿ ಎಚ್ಚರಿಕೆ ಹಳ್ಳಿಗಳನ್ನು ಮುಟ್ಟದೆ ಸಾವಿರ ಸಾವಿರ ಜನ ಸತ್ತರು. ಹುದ್‌ಹುದ್ ಬರುವುದು ದಿನಗಳ ಮುಂಚೆ ಗೊತ್ತಾಗಿ ಲಕ್ಷಾಂತರ ಮಂದಿಯನ್ನು ತೆರವುಗೊಳಿಸಲಾಗಿತ್ತು. ಗಂಟೆಗೆ ಸುಮಾರು 180 ಕಿಲೋಮೀಟರ್ ವೇಗದ ಗಾಳಿ ನಗರದ ಮರಗಳನ್ನೆಲ್ಲ ಕಿತ್ತರೂ ಆಂಧ್ರದಲ್ಲಿ ಸತ್ತವರು ನೂರನ್ನು ಮುಟ್ಟಲಿಲ್ಲ.

ದೇಹಕ್ಕೂ ಇಂಥ ಸಂಕೇತಗಳಿವೆ. ರಕ್ತದೊತ್ತಡ ಮತ್ತೆ ಮತ್ತೆ ನೋಡಿದಾಗಲೂ 140ಕ್ಕೆ 90 ಅಥವಾ ಹೆಚ್ಚು. ಬೆಳಗಿನ ಬರಿಹೊಟ್ಟೆಯಲ್ಲಿ ರಕ್ತದ ಸಕ್ಕರೆ 126 ಮಿಲಿಗ್ರಾಂ ಅಥವಾ ಹೆಚ್ಚು. ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ಸೂಚಿಸುವ ಪರೀಕ್ಷೆಯಲ್ಲಿ ನೂರಕ್ಕೆ 6.5, ಗರ್ಭಿಣಿಯ ರಕ್ತದಲ್ಲಿ ಹಿಮೋಗ್ಲೋಬಿನ್ 11 ಗ್ರಾಮಿಗಿಂತ ಕಡಿಮೆ. ಇವು ಹೆಸರು ಬದಲಾಯಿಸಿದರೆ ಬದಲಾಗುವುದಿಲ್ಲ. ಉಪ್ಪು, ನಡಿಗೆ, ಮಾತ್ರೆ, ಪಥ್ಯಗಳಿಂದ ಬದಲಾಗುತ್ತವೆ. ಕೃಷ್ಣಮೂರ್ತಿಯವರ ರಕ್ತದೊತ್ತಡ 160ಕ್ಕೆ 100 ಇದ್ದದ್ದು ಎಚ್ ಅಕ್ಷರವನ್ನು ತೆಗೆದ ಮೇಲೂ 160ಕ್ಕೆ 100 ಇರುತ್ತದೆ.

ಕೊನೆಗೆ ಆ ಊಹೆಯ ಕೃಷ್ಣಮೂರ್ತಿಯವರಿಗೆ ಒಂದು ಸೋಮವಾರ ಬೆಳಗ್ಗೆ ಏಳು ನಲವತ್ತಕ್ಕೆ ಎದೆ ಹಿಂಡಿದಂತಾಗಿ, ನೋವು ಎಡಗೈಗೂ ದವಡೆಗೂ ಹರಿದು, ಮೈ ಬೆವರಿತೆಂದು ಭಾವಿಸಬಹುದು. ಗೋಡೆಯ ಕ್ಯಾಲೆಂಡರಿನ ಕಡೆಗೆ ಕಣ್ಣು ಹಾಯಿಸಿದ ಅವರು ಒಂಬತ್ತರವರೆಗೆ ತಡೆಯಿರೆಂದು ಸನ್ನೆ ಮಾಡುತ್ತಾರೆ. ಹೆಂಡತಿ ಆ ಸನ್ನೆಯನ್ನು ಕಾಣದವರಂತೆ ದೂರವಾಣಿಯಲ್ಲಿ 108 ಒತ್ತುತ್ತಾರೆ. ಜಪಮಾಲೆಯ ಮಣಿಗಳ ಆ ಸಂಖ್ಯೆಯಲ್ಲಿ ತುರ್ತು ವಾಹನದ ಸೇವೆಯು 2005ರ ಆಗಸ್ಟ್ 15ರಂದು ಅವಿಭಜಿತ ಆಂಧ್ರದಲ್ಲಿ ಮೊದಲಾಗಿ, 2008ರ ನವೆಂಬರಿನಲ್ಲಿ ಕರ್ನಾಟಕಕ್ಕೂ ಬಂತು. ವಾಹನವು ಕೂರ್ಮನ್ನಪಾಲೆಂ ದಾಟುವಾಗ ರಾಹುಕಾಲ ಅರ್ಧವೂ ಕಳೆದಿರುವುದಿಲ್ಲ. ಒಂಬತ್ತು ಹೊಡೆಯುವ ಹೊತ್ತಿಗೆ ಕೃಷ್ಣಮೂರ್ತಿಯವರು ಆಸ್ಪತ್ರೆಯ ಮಂಚದ ಮೇಲೆ ಕಣ್ಣು ಬಿಟ್ಟು, ತಲೆಯ ಬಳಿ ಬರೆದ ಹಾಸಿಗೆಯ ಸಂಖ್ಯೆಯನ್ನು ಓದಲು ಕತ್ತು ಹೊರಳಿಸುತ್ತಿರುತ್ತಾರೆ. ಹೆಂಡತಿ ಅದರ ಮೇಲೆ ತಮ್ಮ ಸೆರಗನ್ನು ಹೊದಿಸುತ್ತಾರೆ.